ನೆನಪೂ ಒಂದು ಪ್ರಮಾಣ: ಹೆಸರಾಗದವರು ಬರೆದಿಟ್ಟ ಆತ್ಮವೃತ್ತಗಳು

(ಪುಣೆಯ ಶಾಖಾಮಠದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

॥ ಶ್ರೀಗುರುಭ್ಯೋ ನಮಃ ಹರಿಃ ಓಂ ॥



ಈ ವೇದಿಕೆಯಿಂದ ತಾವು ಶಾಸ್ತ್ರವಿಚಾರಗಳನ್ನು ಕೇಳಿದ್ದೀರಿ, ದಾಸಸಾಹಿತ್ಯದ ರಸವನ್ನು ಸವಿದಿದ್ದೀರಿ. ಅವುಗಳ ಬಗೆಗೆ ಮಾತನಾಡುವ ಅಧಿಕಾರ ನನಗಿಲ್ಲ. ನಾನು ಪುಸ್ತಕಗಳನ್ನು ಓದುವ ಒಬ್ಬ ಸಾಮಾನ್ಯ ಗೃಹಸ್ಥ. ಆದುದರಿಂದ ಸಾಮಾನ್ಯರೇ ಬರೆದ ಎರಡು ಪುಸ್ತಕಗಳ ಕುರಿತು ಹೇಳಲು ಅನುಮತಿ ಬೇಡುತ್ತೇನೆ. ಅವುಗಳನ್ನು ಬರೆದವರು ಕವಿಗಳಲ್ಲ, ಪಂಡಿತರಲ್ಲ, ರಾಜಕೀಯ ಮುಖಂಡರೂ ಅಲ್ಲ. ಒಬ್ಬರು ಕೊಂಕಣದ ಬಡ ವೈದಿಕರು. ಇನ್ನೊಬ್ಬರು ವಂಗದೇಶದ ಹಳ್ಳಿಯೊಂದರ ಗೃಹಿಣಿ.

ಮೊದಲನೆಯದು ನಾವು ವಾಸಿಸುತ್ತಿರುವ ಈ ಮಹಾರಾಷ್ಟ್ರಕ್ಕೇ ಸೇರಿದ್ದು. ಪೇಣ್ ಪಟ್ಟಣದ ಸಮೀಪದ ವರಸಈ ಎಂಬ ಊರಿನಲ್ಲಿ ವಿಷ್ಣುಭಟ್ಟ ಗೋಡಸೆ ಎಂಬ ವೈದಿಕ ಬ್ರಾಹ್ಮಣರಿದ್ದರು. ಮನೆಯ ತುಂಬ ಜನ, ತಲೆಯ ಮೇಲೆ ಸಾಲ. ಗ್ವಾಲಿಯರಿನ ಬಾಯಜಾಬಾಯಿ ಶಿಂದೆಯವರು ಮಥುರೆಯಲ್ಲಿ ಸರ್ವತೋಮುಖ ಯಾಗವನ್ನು ಮಾಡಿಸಲಿದ್ದಾರೆ, ಬ್ರಾಹ್ಮಣರಿಗೆ ದಕ್ಷಿಣೆ ದೊರೆಯುತ್ತದೆ ಎಂಬ ಸುದ್ದಿ ಬಂದಿತು. ಸಾಲ ತೀರಿಸಬೇಕು, ಜೊತೆಗೆ ತೀರ್ಥಯಾತ್ರೆಯೂ ಆಗಬೇಕು ಎಂಬ ಆಸೆಯಿಂದ ಚಿಕ್ಕಪ್ಪನವರೊಡನೆ ಉತ್ತರಕ್ಕೆ ಹೊರಟರು. ಅದು 1857ನೆಯ ಇಸವಿ! ದಾರಿಯಲ್ಲಿ ಮಹೂ ಸೇರುವ ಹೊತ್ತಿಗೆ ಸಿಪಾಯಿಗಳಿಂದಲೇ ಬರಲಿರುವ ದಂಗೆಯ ಮುನ್ಸೂಚನೆ ಸಿಕ್ಕಿತು. ಹಿಂದಿರುಗಿದರೆ ಸಾಲ, ಮುಂದೆ ಹೋದರೆ ಯುದ್ಧ. ಅವರು ಮುಂದೆಯೇ ಹೋದರು.

ಹೀಗೆ ದಕ್ಷಿಣೆಯನ್ನು ಅರಸಿ ಹೋದ ಬ್ರಾಹ್ಮಣರು ಝಾನ್ಸಿಯ ಕೋಟೆಯ ಊರಿನೊಳಗೆ ಸಿಕ್ಕಿಕೊಂಡರು. 1858ರ ಮಾರ್ಚ್ ತಿಂಗಳಲ್ಲಿ ಇಂಗ್ಲಿಷರ ಸೈನ್ಯ ಮುತ್ತಿಗೆ ಹಾಕಿದಾಗ ವಿಷ್ಣುಭಟ್ಟರು ಒಳಗಿದ್ದರು. ಏಪ್ರಿಲ್ ಮೊದಲ ವಾರದಲ್ಲಿ ಊರು ಬಿದ್ದು ಕೊಲೆ ಸುಲಿಗೆಗಳು ನಡೆದಾಗಲೂ ಒಳಗಿದ್ದರು. ಅಡಗಿಕೊಂಡು ಪ್ರಾಣ ಉಳಿಸಿಕೊಂಡರು. ಆ ದಿನಗಳನ್ನು ಅವರು ಬರೆದಿರುವ ರೀತಿಯಲ್ಲಿ ಅಬ್ಬರವಿಲ್ಲ. ಹಸಿವು, ಬಾಯಾರಿಕೆ, ಬೀದಿಯಲ್ಲಿ ಬಿದ್ದ ಹೆಣಗಳು, ಸ್ನಾನಸಂಧ್ಯೆಗೆ ಅನುಕೂಲವಿಲ್ಲದ ಸಂಕಟ, ಎಲ್ಲವೂ ಒಂದೇ ಶಾಂತಸ್ವರದಲ್ಲಿ ಬರುತ್ತವೆ. ಝಾನ್ಸಿಯ ಅರಮನೆಯ ಗ್ರಂಥಭಂಡಾರ ನಾಶವಾದದ್ದನ್ನು ಹೇಳುವಾಗ ಮಾತ್ರ ಅವರ ಶೋಕ ಉಕ್ಕಿಬರುತ್ತದೆ. ಬಹುಕಾಲದಿಂದ ಸಂಗ್ರಹಿಸಿದ್ದ ಹಸ್ತಪ್ರತಿಗಳ ಆ ಭಂಡಾರಕ್ಕೆ ದೂರದ ವಿದ್ವಾಂಸರೂ ಪ್ರತಿ ಮಾಡಿಕೊಳ್ಳಲು ಬರುತ್ತಿದ್ದರಂತೆ. ತನ್ನ ಪ್ರಾಣವೇ ಸಂಶಯದಲ್ಲಿದ್ದಾಗಲೂ ಗ್ರಂಥಗಳಿಗಾಗಿ ದುಃಖಿಸಿದ ಆ ಬಡ ವೈದಿಕರನ್ನು ನೆನೆದರೆ ತಲೆ ತಾನಾಗಿ ಬಾಗುತ್ತದೆ.

ಅವರ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಸೋತು ಬಳಲಿದ ರಾಣಿ ಲಕ್ಷ್ಮೀಬಾಯಿಯವರು ಕಾಲ್ಪಿಯ ದಾರಿಯ ಬಾವಿಯೊಂದರ ಬಳಿ ಇವರಿಗೆ ಎದುರಾಗುತ್ತಾರೆ. ಬಾಯಾರಿದ ರಾಣಿಗೆ ತಾವೇ ನೀರು ಸೇದಿಕೊಡಲು ವಿಷ್ಣುಭಟ್ಟರು ಮುಂದಾಗುತ್ತಾರೆ. ವಿದ್ಯಾವಂತ ಬ್ರಾಹ್ಮಣರಾದ ನೀವು ನನಗಾಗಿ ನೀರು ಸೇದುವುದು ಬೇಡವೆಂದು ಹೇಳಿ ರಾಣಿ ತಾನೇ ಸೇದಿಕೊಂಡು ಕುಡಿಯುತ್ತಾಳೆ. ರಾಜ್ಯ ಹೋದ ಮೇಲೂ ಹೋಗದ ಮರ್ಯಾದೆಯೊಂದು ಅಲ್ಲಿ ಕಾಣುತ್ತದೆ. ಸೇನಾಧಿಪತಿಗಳ ವರದಿಗಳಲ್ಲಿ ಇಂತಹ ಬಾವಿಕಟ್ಟೆಗೆ ಸ್ಥಳವಿರುವುದಿಲ್ಲ.

ಗಳಿಸಿದ ಹಣವನ್ನು ಹಲವು ಬಾರಿ ಕಳೆದುಕೊಂಡ ವಿಷ್ಣುಭಟ್ಟರು ಕೊನೆಗೆ ಮನೆಗೆ ತಂದದ್ದು ಕಾವಡಿಯಲ್ಲಿ ಹೊತ್ತ ಗಂಗೋದಕವನ್ನು. ಆ ನೀರಿನಿಂದ ತಂದೆತಾಯಿಗಳಿಗೆ ಸ್ನಾನ ಮಾಡಿಸಿ ಧನ್ಯರಾದರು. ಸಾಲಕ್ಕೆಂದು ಹೊರಟ ಪ್ರಯಾಣ ಮಾತಾಪಿತೃಸೇವೆಯಲ್ಲಿ ಮುಗಿಯಿತು.

ಇದೆಲ್ಲ ನಮಗೆ ತಿಳಿದದ್ದಾದರೂ ಹೇಗೆ? ಇತಿಹಾಸಾಸಕ್ತರಾದ ಚಿಂತಾಮಣ ವಿನಾಯಕ ವೈದ್ಯರು ಇವರಿಂದ ನೆನಪುಗಳನ್ನು ಬರೆಯಿಸಿದರು. ಘಟನೆಗಳು ನಡೆದು ಕಾಲುಶತಮಾನವಾದ ಮೇಲೆ, 1883ರ ಸುಮಾರಿನಲ್ಲಿ, ವಿಷ್ಣುಭಟ್ಟರು ಬರೆದರು. ಸರಕಾರದ ಭಯವಿದ್ದುದರಿಂದ ಅವರ ಜೀವಿತಕಾಲದಲ್ಲಿ ಅದು ಪ್ರಕಟವಾಗಲಿಲ್ಲ. ‘ಮಾಝಾ ಪ್ರವಾಸ’ ಎಂಬ ಹೆಸರಿನಲ್ಲಿ ಅಚ್ಚಾದದ್ದು 1907ರಲ್ಲಿ, ಅದೂ ವೈದ್ಯರು ತಿದ್ದಿದ ರೂಪದಲ್ಲಿ. ಮೂಲ ಹಸ್ತಪ್ರತಿಯ ಪಾಠವನ್ನು ದತ್ತೋ ವಾಮನ ಪೋತದಾರರು ಪ್ರಕಟಿಸಿದ್ದು 1966ರಲ್ಲಿ. ಲೇಖಕರ ಸ್ವಂತ ಮಾತು ಓದುಗರನ್ನು ಮುಟ್ಟಲು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೇಳಿದವರೊಬ್ಬರು, ಬರೆದವರೊಬ್ಬರು, ಕಾಪಾಡಿದವರು ಹಲವರು. ಇವರಲ್ಲಿ ಒಬ್ಬರು ಉದಾಸೀನರಾಗಿದ್ದರೂ ಆ ಪುಸ್ತಕ ಇರುತ್ತಿರಲಿಲ್ಲ.

ಇನ್ನು ಎರಡನೆಯ ಪುಸ್ತಕ. ವಂಗದೇಶದ ಪಾಬನಾ ಜಿಲ್ಲೆಯ ಹಳ್ಳಿಯೊಂದರಲ್ಲಿ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ರಾಸಸುಂದರೀದೇವಿ ಎಂಬ ಹೆಣ್ಣುಮಗಳು ಹುಟ್ಟಿದಳು. ಭಯವಾದಾಗ ಮನೆದೇವರಾದ ದಯಾಮಾಧವನನ್ನು ಕರೆ ಎಂದು ತಾಯಿ ಕಲಿಸಿದ್ದರು. ಹನ್ನೆರಡನೆಯ ವಯಸ್ಸಿಗೆ ವಿವಾಹವಾಯಿತು. ಅನಂತರ ತುಂಬಿದ ಮನೆಯ ಅಡಿಗೆ, ದೇವರ ನೈವೇದ್ಯ, ಹನ್ನೆರಡು ಮಕ್ಕಳ ಹೆರಿಗೆ ಮತ್ತು ಪಾಲನೆ. ಹೆಂಗಸರು ಓದಿದರೆ ಅನಿಷ್ಟವೆಂಬ ನಂಬಿಕೆ ಬಲವಾಗಿದ್ದ ಕಾಲವದು. ಈಕೆಗೆ ಮಾತ್ರ ಒಂದೇ ಹಂಬಲ: ಚೈತನ್ಯಭಾಗವತವನ್ನು ತಾನೇ ಓದಬೇಕು!

ಒಂದು ದಿನ ಮನೆಯಲ್ಲಿದ್ದ ಆ ಗ್ರಂಥದ ಒಂದು ಹಾಳೆಯನ್ನು ಬಿಡಿಸಿಕೊಂಡು ಅಡಿಗೆಮನೆಯಲ್ಲಿ ಬಚ್ಚಿಟ್ಟಳು. ಹಿರಿಯ ಮಗ ಅಕ್ಷರಾಭ್ಯಾಸ ಮಾಡಿದ ತಾಳೆಗರಿಯೊಂದನ್ನೂ ಅಡಗಿಸಿಟ್ಟಳು. ಎಳವೆಯಲ್ಲಿ ತವರಿನ ಹೊರಮನೆಯಲ್ಲಿ ನಡೆಯುತ್ತಿದ್ದ ಹುಡುಗರ ಶಾಲೆಯಲ್ಲಿ ಕುಳಿತು ಕಿವಿಯ ಮೇಲೆ ಬಿದ್ದಿದ್ದ ಅಕ್ಷರಗಳು ಅಲ್ಪಸ್ವಲ್ಪ ನೆನಪಿನಲ್ಲಿದ್ದವು. ಒಲೆಯ ಮುಂದೆ, ಮುಸುಕಿನ ಮರೆಯಲ್ಲಿ, ಹಾಳೆಯ ಅಕ್ಷರವನ್ನು ಗರಿಯ ಅಕ್ಷರಕ್ಕೂ ಅದನ್ನು ನೆನಪಿನ ಧ್ವನಿಗೂ ಹೊಂದಿಸುತ್ತ ಬಹಳ ಕಾಲ ಶ್ರಮಿಸಿ ಓದಲು ಕಲಿತಳು. ಬರೆಯಲು ಕಲಿತದ್ದು ಇನ್ನೂ ಎಷ್ಟೋ ವರ್ಷಗಳ ತರುವಾಯ. ಬಳಿಕ ತನ್ನ ಬಾಳಿನ ಕಥೆಯನ್ನು ‘ಆಮಾರ ಜೀಬನ’ ಎಂದು ಬರೆದಳು. ಅದರ ವಿಸ್ತೃತ ರೂಪ ಹೊರಬಂದದ್ದು 1897ರಲ್ಲಿ, ಆಕೆ ಎಂಬತ್ತೈದು ದಾಟಿದ ವೃದ್ಧೆಯಾಗಿದ್ದಾಗ. ಬಂಗಾಲಿಯ ಮೊದಲ ಪೂರ್ಣಪ್ರಮಾಣದ ಆತ್ಮಚರಿತ್ರೆಯೆಂಬ ಗೌರವ ಇಂದು ಅದಕ್ಕೆ ಸಂದಿದೆ.

ಗೌಡೀಯ ವೈಷ್ಣವರು ತಮ್ಮ ಗುರುಪರಂಪರೆಯನ್ನು ಶ್ರೀಮದಾಚಾರ್ಯರಿಗೆ ಜೋಡಿಸಿ ಹೇಳುವುದು ತಮಗೆ ತಿಳಿದೇ ಇದೆ. ಸಿದ್ಧಾಂತದಲ್ಲಿ ಭೇದಗಳಿರಲಿ, ಆದರೆ ಆ ತಾಯಿ ತನ್ನ ಪುಸ್ತಕದಲ್ಲಿ ಎಲ್ಲಿಯೂ ‘ನಾನು ಸಾಧಿಸಿದೆ’ ಎನ್ನುವ ಧಾಟಿಯಲ್ಲಿ ಮಾತನಾಡುವುದಿಲ್ಲ. ಪರಮೇಶ್ವರನು ಕಲಿಸಿದ, ಪರಮೇಶ್ವರನು ನಡೆಸಿದ ಎಂದೇ ಹೇಳುತ್ತಾಳೆ. ತನ್ನ ಕಷ್ಟವನ್ನೂ ಮುಚ್ಚಿಡುವುದಿಲ್ಲ. ತಾಯಿಯ ಅಂತ್ಯಕಾಲದಲ್ಲಿ ಹೋಗಿ ಸೇವೆ ಮಾಡಲು ಆಗದ ದುಃಖವನ್ನು ನೆನೆದು, ಹೆಣ್ಣಾಗಿ ಹುಟ್ಟಿದ್ದರಿಂದಲ್ಲವೇ ಹೀಗಾಯಿತೆಂದು ಮರುಗುತ್ತಾಳೆ. ಭಕ್ತಿಯೂ ಪ್ರಶ್ನೆಯೂ ಒಂದೇ ಹೃದಯದಲ್ಲಿ ಇರಬಲ್ಲವು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಇಲ್ಲಿ ತಮ್ಮಲ್ಲಿ ಕೆಲವರಿಗೆ ಒಂದು ಶಂಕೆ ಬರಬಹುದು. ಜೀವನು ಅಸ್ವತಂತ್ರ, ಶ್ರೀಹರಿಯೊಬ್ಬನೇ ಸ್ವತಂತ್ರ ಎಂದು ನಂಬಿದವರು ನಾವು. ನಮ್ಮ ದಾಸರು ತಮ್ಮ ಹೆಸರನ್ನು ಬಿಟ್ಟು ಭಗವಂತನ ಅಂಕಿತವನ್ನಿಟ್ಟು ಹಾಡಿದರು. ಹೀಗಿರುವಾಗ ತನ್ನ ಕಥೆಯನ್ನು ತಾನೇ ಬರೆದುಕೊಳ್ಳುವುದು ಅಹಂಕಾರವಲ್ಲವೇ? ಶಂಕೆ ಯುಕ್ತವಾದದ್ದೇ. ‘ನಾನೇ ಕರ್ತೃ’ ಎಂಬ ಭಾವದಿಂದ ಬರೆದರೆ ಅದು ಅಹಂಕಾರವೇ ಸರಿ. ಆದರೆ ಭಗವಂತನು ಈ ಜೀವನನ್ನು ಯಾವ ದಾರಿಗಳಲ್ಲಿ ನಡೆಸಿದನೆಂದು ಬರೆದರೆ ಅದು ಕೃತಜ್ಞತೆಯ ಲೆಕ್ಕವಾಗುತ್ತದೆ. ಮೇಲಿನ ಎರಡೂ ಪುಸ್ತಕಗಳು ಈ ಎರಡನೆಯ ಬಗೆಯವು.

ನಮ್ಮ ಪರಂಪರೆಯೂ ಸಣ್ಣ ವಿವರಗಳನ್ನು ತುಚ್ಛವೆಂದು ಕಂಡಿಲ್ಲ. ಶ್ರೀನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯವನ್ನು ಬರೆದು ಅಷ್ಟಕ್ಕೇ ನಿಲ್ಲಲಿಲ್ಲ. ಕಾವ್ಯದಲ್ಲಿ ಸಂಸ್ಕೃತರೂಪ ತಾಳಿದ್ದ ಊರುಗಳ, ವ್ಯಕ್ತಿಗಳ ಹೆಸರುಗಳು ಜನರ ಬಾಯಿಯಲ್ಲಿ ಹೇಗಿದ್ದವು ಎಂಬುದನ್ನು ತಮ್ಮ ‘ಭಾವಪ್ರಕಾಶಿಕಾ’ದಲ್ಲಿ ಬಿಡಿಸಿ ಹೇಳಿದರು. ಮುಂದಿನವರಿಗೆ ಗುರುತು ತಪ್ಪಬಾರದೆಂಬ ಆ ಎಚ್ಚರ ಎಷ್ಟು ದೊಡ್ಡದು!

ಇನ್ನೂ ಮುಖ್ಯವಾದ ಮಾತೊಂದಿದೆ. ಸ್ಮೃತಿಯನ್ನು, ಎಂದರೆ ನೆನಪನ್ನು, ಪ್ರಮಾಣವೆಂದು ಒಪ್ಪದ ದರ್ಶನಗಳುಂಟು. ನಮ್ಮ ಸಿದ್ಧಾಂತವಾದರೋ ಯಥಾರ್ಥವಾದ ಸ್ಮೃತಿಯನ್ನು ಪ್ರಮಾಣವೆಂದೇ ಅಂಗೀಕರಿಸಿದೆ. ಸಂಸ್ಕಾರದ ಮೂಲಕ ಮನಸ್ಸಿನಿಂದ ಹುಟ್ಟುವ ಪ್ರತ್ಯಕ್ಷಜ್ಞಾನವದು ಎಂಬುದು ಶ್ರೀಜಯತೀರ್ಥರ ‘ಪ್ರಮಾಣಪದ್ಧತಿ’ಯನ್ನು ಓದಿದವರಿಗೆ ಗೊತ್ತಿರುವ ವಿಚಾರ. ನೆನಪಿಗೆ ಇಷ್ಟು ಗೌರವ ಕೊಟ್ಟ ಮತದ ಅನುಯಾಯಿಗಳಾದ ನಾವು ನಮ್ಮ ಮನೆಯ ನೆನಪುಗಳನ್ನು ಹೇಗೆ ನೋಡಿಕೊಂಡಿದ್ದೇವೆ?

ಇಲ್ಲಿ ನನ್ನ ಅಪರಾಧವೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನನ್ನ ಸೋದರತ್ತೆಯವರು ಮದುವೆಯಾಗಿ ಪುಣೆಗೆ ಬಂದವರು. ಅವರ ಬಳಿ ಒಂದು ಹಾಡಿನ ಪುಸ್ತಕವಿತ್ತು. ಲಕ್ಷ್ಮೀಶೋಭಾನೆ, ಸಂಪ್ರದಾಯದ ಹಾಡುಗಳು, ಸುಳಾದಿಗಳು, ಎಲ್ಲವನ್ನೂ ಕೈಯಲ್ಲೇ ಬರೆದುಕೊಂಡಿದ್ದರು. ಹಾಡುಗಳ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬೇರೆ ಸಂಗತಿಗಳಿದ್ದವು: ಈ ಹಾಡನ್ನು ಯಾರಿಂದ ಕಲಿತೆ, ಯಾರ ಮನೆಯ ಮುಂಜಿಯಲ್ಲಿ ಹಾಡಿದೆ, ಆ ವರ್ಷ ಅಕ್ಕಿಯ ಬೆಲೆ ಎಷ್ಟಿತ್ತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದ ದಿನದ ಕುರಿತೂ ನಾಲ್ಕು ಸಾಲುಗಳಿದ್ದವು. ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಎತ್ತರದ ಜಾಗಕ್ಕೆ ಹೋದುದು, ಆ ರಾತ್ರಿ ಕತ್ತಲೆಯಲ್ಲಿ ಹೆಂಗಸರೆಲ್ಲ ಕುಳಿತು ಒಂದು ದೇವರನಾಮ ಹಾಡಿದುದು. ಹುಡುಗನಾಗಿದ್ದಾಗ ಅದನ್ನು ನಾನು ಕಣ್ಣಾರೆ ಓದಿದ್ದೆ.

ಅತ್ತೆಯವರು ತೀರಿಕೊಂಡ ಮೇಲೆ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಆ ಪುಸ್ತಕವು ಹಳೆಯ ವೃತ್ತಪತ್ರಿಕೆಗಳ ಜೊತೆಯಲ್ಲಿ ರದ್ದಿಯವನ ತಕ್ಕಡಿಗೆ ಹೋಯಿತು. ಕಟ್ಟನ್ನು ಕಟ್ಟಿಕೊಟ್ಟವನು ನಾನೇ. ಹಾಡುಗಳು ಅಚ್ಚಾದ ಪುಸ್ತಕಗಳಲ್ಲಿ ಸಿಗುತ್ತವೆ. ಅವು ಹೋದವೆಂಬ ಚಿಂತೆಯಿಲ್ಲ. ಆದರೆ ಆ ರಾತ್ರಿ ಅವರು ಹಾಡಿದ ದೇವರನಾಮ ಯಾವುದು? ಓದಿದ್ದೆನೆಂಬುದಷ್ಟೇ ನೆನಪಿದೆ, ಹಾಡು ನೆನಪಿಲ್ಲ. ಜೊತೆಯಲ್ಲಿದ್ದವರು ಯಾರೂ ಈಗ ಉಳಿದಿಲ್ಲ. ಝಾನ್ಸಿಯ ಗ್ರಂಥಭಂಡಾರವನ್ನು ಶತ್ರುಗಳು ಹಾಳುಮಾಡಿದರು. ನಮ್ಮ ಮನೆಯ ಭಂಡಾರವನ್ನು ಹಾಳುಮಾಡಲು ಶತ್ರುಗಳೇ ಬೇಕಾಗಲಿಲ್ಲ.

ಮಹನೀಯರೆ, ಊರನ್ನು ಬಿಟ್ಟು ಬಂದು ಪರಭಾಷೆಯ ನಡುವೆ ಬಾಳುತ್ತಿರುವ ನಮಗೆ ಈ ನಷ್ಟ ಇನ್ನೂ ದೊಡ್ಡದು. ಊರಿನಲ್ಲಿಯಾದರೆ ಮನೆಯಿದೆ, ನೆರೆಯವರಿದ್ದಾರೆ, ದೇವಸ್ಥಾನದ ಕಟ್ಟೆಯಿದೆ, ಅವು ನೆನಪಿಸಿಕೊಡುತ್ತವೆ. ಇಲ್ಲಿ ಬಾಡಿಗೆ ಮನೆಗಳು ಬದಲಾದವು, ವಾಡೆಗಳು ಉರುಳಿ ಕಟ್ಟಡಗಳಾದವು. ನಮ್ಮ ಹಿರಿಯರು ಈ ನಗರಕ್ಕೆ ಮೊದಲು ಬಂದಾಗ ಎಲ್ಲಿ ಇಳಿದರು, ಏಕಾದಶಿಯ ಮರುದಿನ ಪಾರಣೆಗೆ ಯಾರ ಮನೆಗೆ ಹೋದರು, ಮಠವಿಲ್ಲದ ದಿನಗಳಲ್ಲಿ ಆರಾಧನೆಗಳನ್ನು ಹೇಗೆ ನಡೆಸಿದರು, ಇವನ್ನು ಯಾವ ಇತಿಹಾಸಕಾರರೂ ಬಂದು ಬರೆಯುವುದಿಲ್ಲ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ಮನೆಯಲ್ಲಿ ಹಿರಿಯರಿದ್ದರೆ ಅವರ ಕೈಗೊಂದು ನೋಟುಪುಸ್ತಕ ಕೊಡಿರಿ. ಕೈ ನಡುಗುವವರಾದರೆ ಅವರು ಹೇಳಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಮಕ್ಕಳ ಕನ್ನಡವೂ ಸುಧಾರಿಸುತ್ತದೆ. ಸಾಹಿತ್ಯವಾಗಬೇಕೆಂಬ ಹಟ ಬೇಡ. ಆದರೆ ಒಂದು ಎಚ್ಚರವಿರಲಿ: ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಯಾಗಿ ಬರೆಯಿರಿ. ವಿಷ್ಣುಭಟ್ಟರ ಪುಸ್ತಕದಲ್ಲಿಯೂ ಕಣ್ಣಾರೆ ಕಂಡದ್ದರ ಜೊತೆಗೆ ಜನರ ಬಾಯಿಮಾತು ಸೇರಿಕೊಂಡಿದೆ; ಅವುಗಳನ್ನು ಬಿಡಿಸುವುದು ಇತಿಹಾಸಕಾರರಿಗೆ ಶ್ರಮದ ಕೆಲಸವಾಗಿದೆ. ಹಳೆಯ ಭಾವಚಿತ್ರಗಳ ಹಿಂದೆ ಹೆಸರುಗಳನ್ನು ಇಂದೇ ಬರೆದಿಡಿರಿ. ಯಾರ ಮನಸ್ಸನ್ನಾದರೂ ನೋಯಿಸುವ ಸಂಗತಿಯಿದ್ದರೆ ಅದು ಮನೆಯೊಳಗೇ ಇರಲಿ, ಆದರೆ ಬರೆದಿಟ್ಟಿರಲಿ. ವೈದ್ಯರೂ ತಕ್ಕ ಕಾಲಕ್ಕಾಗಿ ಕಾದರಲ್ಲವೇ?

ಮನೆ ಖಾಲಿ ಮಾಡುವಾಗ ತಕ್ಕಡಿಗೆ ಹಾಕುವ ಮುನ್ನ ಪ್ರತಿಯೊಂದು ಕೈಬರಹದ ಪುಸ್ತಕವನ್ನೂ ಒಮ್ಮೆ ತೆರೆದು, ಅದರ ಅಂಚುಗಳನ್ನು ನೋಡಿರಿ. ಈ ಮಾತನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ಪಾಂಡಿತ್ಯದಿಂದಲ್ಲ, ಕಳೆದುಕೊಂಡದ್ದರಿಂದ.



॥ ಶ್ರೀಕೃಷ್ಣಾರ್ಪಣಮಸ್ತು ॥