ಕೆಂಪು ನೀರು ಮತ್ತು ನಮ್ಮ ನೀಲಿಕಲ್ಲು

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಚೆನ್ನಾಗಿ ಹೇಳಿದ್ದಾರೆ. ನಮಗೆ ಸಿಕ್ಕಿದ ಹತ್ತು ನಿಮಿಷದಲ್ಲಿ ಅಳಿವೆಯ ನೀರಿನ ಬಗ್ಗೆ ಮಾತ್ರ ನಾಲ್ಕು ಮಾತು ಆಡುತ್ತೇವೆ.

ಹಗ್ಗ ಇಳಿಬಿಟ್ಟು ನೀಲಿಕಲ್ಲು ಬೆಳೆಸುವುದಕ್ಕೂ ಪಂಜರದಲ್ಲಿ ಮೀನು ಸಾಕುವುದಕ್ಕೂ ನಮ್ಮ ಸಂಘ ಸಾಲ ಕೊಟ್ಟಿದೆ. ಒಮ್ಮೊಮ್ಮೆ ನೀರು ಕೆಂಪಗೋ ಹಸಿರಾಗೋ ಮಂದವಾಗುವುದನ್ನು ನೀವೆಲ್ಲ ಕಂಡವರೇ. ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು ಮಿತಿಮೀರಿ ಹೆಚ್ಚುವುದರಿಂದ ಹಾಗಾಗುತ್ತದೆ. ಪಾಚಿಯೆಲ್ಲ ಕೆಟ್ಟದ್ದಲ್ಲ, ನೀಲಿಕಲ್ಲಿನ ಊಟವೇ ಅದು. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಜಾತ್ರೆಗೆ ಹೋದಂತೆ ಹೋದರು. ಅದು ನಾಕ್ಟಿಲ್ಯೂಕ ಎಂಬ ಸೂಕ್ಷ್ಮ ಜೀವಿಯ ಬೆಳಕು. ನೋಡಲು ಚಂದವೇ. ಆದರೆ ಇಂಥವು ರಾಶಿ ಬೆಳೆದು ಸತ್ತು ಕೊಳೆತರೆ ನೀರಿನಲ್ಲಿ ಆಮ್ಲಜನಕ ತೀರುತ್ತದೆ. ಸಮುದ್ರದ ಮೀನು ಓಡಿಹೋದೀತು, ಪಂಜರದ ಮೀನು ಎಲ್ಲಿಗೆ ಓಡೀತು? 2016ರಲ್ಲಿ ಚಿಲಿ ದೇಶದಲ್ಲಿ ಪಾಚಿ ಹೆಚ್ಚಿ ಪಂಜರದ ಸಾಲ್ಮನ್ ಮೀನು ಕೋಟಿಗಟ್ಟಲೆ ಸತ್ತವು.

ಇದು ಕಣ್ಣಿಗೆ ಕಾಣುವ ನಷ್ಟ. ನಮಗೆ ಹೆಚ್ಚು ಹೆದರಿಕೆ ಇರುವುದು ಕಾಣದ್ದರ ಬಗ್ಗೆ.

ಕೆಲವು ಜಾತಿಯ ಪಾಚಿಗಳಲ್ಲಿ ನರವನ್ನು ಕಟ್ಟಿಹಾಕುವ ವಿಷವಿದೆ. ನೀಲಿಕಲ್ಲು ಗಂಟೆಗೆ ಒಂದೆರಡು ಲೀಟರ್ ನೀರು ಸೋಸಿ ತಿನ್ನುವ ಪ್ರಾಣಿ, ಹಾಗಾಗಿ ವಿಷ ಅದರ ಮಾಂಸದಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೆ ಏನೂ ಆಗುವುದಿಲ್ಲ, ತಿಂದವನಿಗೆ ಆಗುತ್ತದೆ. ಮೊದಲು ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ. ಹೆಚ್ಚಾದರೆ ಉಸಿರೇ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಬೇಗ ಆಸ್ಪತ್ರೆಗೆ ಸೇರಿಸಿ ಕೃತಕ ಉಸಿರಾಟ ಕೊಟ್ಟರೆ ಬದುಕಿಸಬಹುದು.

ದೂರದ ಊರಿನ ಕಥೆ ಅನ್ನಬೇಡಿ. 1983ರಲ್ಲಿ ಮಂಗಳೂರಿನ ಹತ್ತಿರ ಕುಂಬಳೆ ಅಳಿವೆಯ ಮರುವಾಯಿ ತಿಂದು ಜನ ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞಂನಲ್ಲಿ ಕಲ್ಲಿನ ಚಿಪ್ಪು ತಿಂದು ಏಳು ಜನ ಸತ್ತರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಕಂಡರು.

"ಚೆನ್ನಾಗಿ ಬೇಯಿಸಿದರೆ ಹೋಗೋದಿಲ್ವಾ?" ಅಂತ ತಾಯಂದಿರು ಕೇಳುತ್ತಾರೆ. ಹೋಗುವುದಿಲ್ಲ. ಹುಳಿ ಹಾಕಿದರೂ, ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಹೋಗುವುದಿಲ್ಲ. ವಾಸನೆ ನೋಡಿ, ಬಾಯಿ ಬಿಟ್ಟ ಚಿಪ್ಪು ಬಿಸಾಡಿ ಆರಿಸುವ ನಮ್ಮ ಹಿರಿಯರ ಕ್ರಮ ಕೊಳೆತದ್ದನ್ನು ಹಿಡಿಯುತ್ತದೆ, ಈ ವಿಷವನ್ನು ಹಿಡಿಯುವುದಿಲ್ಲ. ನೀರು ಕೆಂಪಾಗದೆಯೂ ವಿಷ ಇರಬಹುದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ನೋಡಿ ಸಮುದ್ರದಲ್ಲಿ ಪಾಚಿ ಹೆಚ್ಚಿದ್ದನ್ನು ತಿಳಿಸುತ್ತದೆ, ಒಳ್ಳೆಯದೇ. ಆದರೆ ನಮ್ಮ ಹಗ್ಗದ ಚಿಪ್ಪಿನಲ್ಲಿ ಏನಿದೆ ಅಂತ ಉಪಗ್ರಹಕ್ಕೆ ಕಾಣುವುದಿಲ್ಲ.

ಸಮಾಧಾನದ ಸಂಗತಿ ಒಂದಿದೆ. ಪಾಚಿ ಹೋಗಿ ನೀರು ತಿಳಿಯಾದ ಮೇಲೆ ಚಿಪ್ಪು ತಾನಾಗಿ ವಿಷ ಕಳೆದುಕೊಳ್ಳುತ್ತದೆ. ಅದಕ್ಕೆ ಕೆಲವು ವಾರ ಬೇಕು. ಕಷ್ಟ ಇರುವುದು ಇಲ್ಲೇ. ನಮ್ಮ ಕೊಯ್ಲು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿದು ಹೊಳೆಯಲ್ಲಿ ಸಿಹಿನೀರು ತುಂಬಿದರೆ ನೀಲಿಕಲ್ಲು ಸಾಯುತ್ತದೆ. ಕಾಯುತ್ತಾ ಕೂತರೆ ಬೆಳೆ ಹೋಯಿತು, ಕಾಯದಿದ್ದರೆ ಯಾರದೋ ಮನೆಯ ಮಗು ಹೋದೀತು. ಸಾಲದ ಕಂತು ಬೇರೆ ಅದೇ ತಿಂಗಳು ಬೀಳುತ್ತದೆ! "ನೀರು ಕೆಂಪಾಯ್ತು ಅಂತ ಕೊಯ್ಯದೆ ಬಿಟ್ರೆ ಕಂತು ನೀವು ಕಟ್ತೀರಾ?" ಎಂದು ಸದಸ್ಯೆಯೊಬ್ಬರು ನಮ್ಮನ್ನು ಕೇಳಿದರು. ಆ ಅಕ್ಕ ಕೇಳಿದ್ದರಲ್ಲಿ ತಪ್ಪಿಲ್ಲ. ಕೊಯ್ಯಬೇಡಿ ಎಂದು ಬೋರ್ಡು ಹಾಕಿ, ಕಂತಿಗೆ ನೋಟೀಸು ಕಳಿಸುವ ಸಂಘದ ಮಾತನ್ನು ಯಾರು ಕೇಳುತ್ತಾರೆ?

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ಎರಡು ವಿಷಯ ಇಡುತ್ತೇವೆ. ನೀರಿನ ಬಣ್ಣ ಬದಲಾಗಿ ಕೊಯ್ಲು ನಿಲ್ಲಿಸಿದ ವರ್ಷ ಆ ಸದಸ್ಯರ ಕಂತನ್ನು ಮುಂದಿನ ಬೆಳೆಗೆ ದಾಟಿಸಬೇಕು, ಬಡ್ಡಿಯ ಮೇಲೆ ದಂಡ ಹಾಕಬಾರದು. ಕೊಯ್ಲಿಗೆ ಮೊದಲು ಚಿಪ್ಪಿನ ಪರೀಕ್ಷೆಯ ಖರ್ಚನ್ನು ಸಂಘವೇ ಕೊಡಬೇಕು. ಲಾಭಾಂಶದಲ್ಲಿ ತುಸು ಕಡಿಮೆಯಾದೀತು, ಅದನ್ನು ಮುಚ್ಚಿಡುವುದಿಲ್ಲ. ಪಂಜರದವರು ಬಣ್ಣ ಕಂಡ ದಿನವೇ ಮೇವು ನಿಲ್ಲಿಸಿ ಸಂಘಕ್ಕೆ ತಿಳಿಸಿ. ಸಿಗಡಿ ಕೆರೆಯವರು ಆ ನೀರನ್ನು ಪಂಪಿನಿಂದ ಎತ್ತಬೇಡಿ.

ಮಹಾಸಭೆಗೆ ಸಾಲ ಪಡೆದವರು ತಪ್ಪದೆ ಬನ್ನಿ. ಹೋದ ಸಲ ಕೋರಂ ಸಾಲದೆ ಅರ್ಧ ಗಂಟೆ ಕಾದೆವು.