ಬಣ್ಣ ನೋಡದ ಸಂವಿಧಾನ

ಸರ್ಕಾರ ಪ್ರಜೆಯ ಮೈಬಣ್ಣವನ್ನು ಗಮನಿಸಬೇಕೆ, ಬೇಡವೆ? ಅಮೆರಿಕದಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದಿರುವ ಈ ವಾದವೇ ಇಂದಿನ ವಿಷಯ.

1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸ್ಸಿ ಬೇಕೆಂದೇ ಬಿಳಿಯರ ರೈಲುಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದರು. ಬಣ್ಣ ನೋಡಿ ಜಾಗ ಹಂಚುವ ಕಾನೂನನ್ನು ಕೋರ್ಟಿಗೆ ಎಳೆಯುವುದೇ ಉದ್ದೇಶ. 1896ರಲ್ಲಿ ಸುಪ್ರೀಂ ಕೋರ್ಟ್ 7–1ರಿಂದ ಆ ಕಾನೂನನ್ನೇ ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್, ನಮ್ಮ ಸಂವಿಧಾನ ಬಣ್ಣ ನೋಡುವುದಿಲ್ಲ ಎಂದರು. ಆದರೆ ಅದೇ ಭಿನ್ನಮತದಲ್ಲಿ, ಅಂತಸ್ತು, ವಿದ್ಯೆ, ಸಂಪತ್ತುಗಳಲ್ಲಿ ಬಿಳಿಯರದೇ ಮೇಲುಗೈ, ಮುಂದೆಯೂ ಹಾಗೆಯೇ ಇದ್ದೀತು ಎಂದೂ ಅವರು ಬರೆದಿದ್ದರು. ಕಾನೂನು ಕಣ್ಣು ಮುಚ್ಚಿಕೊಂಡರೂ ಮೇಲುಗೈ ಅಳಿಯದು ಎಂಬುದು ಅವರಿಗೇ ಗೊತ್ತಿತ್ತು.

2023ರಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದು ತಪ್ಪೆಂದು ಅದೇ ಕೋರ್ಟ್ ತೀರ್ಪಿತ್ತಿತು. ಪೀಠದಲ್ಲಿದ್ದ ಇಬ್ಬರು ಕಪ್ಪುವರ್ಣೀಯರಲ್ಲಿ ಕ್ಲಾರೆನ್ಸ್ ಥಾಮಸ್ ತೀರ್ಪಿನ ಪರ. ನಾರ್ತ್ ಕೆರೊಲಿನಾ ಪ್ರಕರಣದಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ವಿರುದ್ಧ. ಹುಟ್ಟಿನ ಕಾರಣಕ್ಕೆ ಒಬ್ಬರಿಗೆ ಅಂಕ ಕೂಡಿಸಿದರೆ ಇನ್ನೊಬ್ಬರಿಗೆ ಕಳೆದಂತೆ ಎಂಬ ಏಷ್ಯಾ ಮೂಲದ ವಿದ್ಯಾರ್ಥಿಗಳ ದೂರನ್ನು ಹಗುರವಾಗಿ ಕಾಣುವಂತಿಲ್ಲ.

ಆದರೂ ಮನೆಗಳ ಕಥೆ ನೋಡಿ. 1930ರ ದಶಕದಿಂದ ಅಲ್ಲಿನ ಕೇಂದ್ರ ಸರ್ಕಾರ ಬಿಳಿಯರ ಬಡಾವಣೆಗಳ ಗೃಹಸಾಲಕ್ಕೆ ಖಾತರಿ ಕೊಟ್ಟು, ಕಪ್ಪುವರ್ಣೀಯರ ಕೇರಿಗಳಿಗೆ ನಿರಾಕರಿಸಿತು. ಮನೆ ಕೊಡುವಲ್ಲಿನ ಭೇದವನ್ನು 1968ರ ಕಾನೂನು ನಿಷೇಧಿಸಿತು. ಅಷ್ಟರಲ್ಲಿ ಒಂದು ಕಡೆಯ ಮಕ್ಕಳಿಗೆ ಮನೆ, ಇನ್ನೊಂದು ಕಡೆಯವರಿಗೆ ಬಾಡಿಗೆ ಚೀಟಿ ಪಿತ್ರಾರ್ಜಿತವಾಗಿ ಬಂದಿತ್ತು. 2022ರಲ್ಲಿ ಬಿಳಿಯ ಕುಟುಂಬದ ಮಧ್ಯಮಾಂಕ ಸಂಪತ್ತು ಸುಮಾರು 2,85,000 ಡಾಲರ್. ಕಪ್ಪುವರ್ಣೀಯ ಕುಟುಂಬದ್ದು 45,000ದ ಆಸುಪಾಸು.

ಈ ಅಂತರ ತಿಳಿದದ್ದು ಅಮೆರಿಕ ಜನಾಂಗವಾರು ಲೆಕ್ಕ ಇಟ್ಟಿದ್ದರಿಂದ. ಫ್ರಾನ್ಸ್‌ನ ಜನಗಣತಿ ಜನಾಂಗವನ್ನು ಕೇಳುವುದೇ ಇಲ್ಲ. ಅಲ್ಲಿ ಭೇದ ಇಲ್ಲವೆಂದಲ್ಲ. ಅದನ್ನು ಅಳೆದು ತೋರಿಸುವುದು ಕಷ್ಟ, ಅಷ್ಟೆ.

ನನ್ನ ಅಭಿಪ್ರಾಯ ಇಷ್ಟು: ಬಣ್ಣ ಲೆಕ್ಕಕ್ಕೆ ಬಾರದ ಸಮಾಜವೇ ಗುರಿಯಾಗಿರಲಿ. ಪರಿಹಾರ ಯಾವ ರೂಪದಲ್ಲಿರಬೇಕು, ಎಷ್ಟು ಕಾಲ ನಡೆಯಬೇಕು ಎಂಬ ಚರ್ಚೆಯೂ ನಡೆಯಲಿ. ಆದರೆ ಬಣ್ಣ ನೋಡಿಯೇ ಮಾಡಿದ ಅನ್ಯಾಯವನ್ನು ಬಣ್ಣ ನೋಡದೆ ಸರಿಪಡಿಸುತ್ತೇನೆ ಎನ್ನುವವರು, ಹೇಗೆಂದು ಮೊದಲು ತೋರಿಸಬೇಕು.