ಹಿಂದೆ ಏನು ಹಾಕ್ತೀರಿ?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗೆಳೆಯರೊಬ್ಬರ ಕಾಫಿ ತೋಟಕ್ಕೆ ಹೋಗಿದ್ದೆ. ಕೆಸರು ದಾರಿ. ನನ್ನ ಕಾರಿನ ಚಕ್ರ ತಿರುಗಿದಲ್ಲೇ ತಿರುಗುತ್ತಿತ್ತು. ಗೆಳೆಯರು ತಮ್ಮ ಪಿಕಪ್ಪಿನ ಕೀ ಕೊಟ್ಟು, "ಇದನ್ನ ಓಡಿಸಿ ನೋಡಿ ಸಾರ್" ಅಂದರು. ಅದೇ ಏರನ್ನು ಆ ಗಾಡಿ ಆರಾಮಾಗಿ ಹತ್ತಿತು. ನಿಜ ಹೇಳ್ತೀನಿ, ಆಸೆ ಆಯ್ತು. ಮನಸ್ಸಲ್ಲೇ ಇಎಂಐ ಲೆಕ್ಕ ಹಾಕಿಬಿಟ್ಟೆ!

ಈ ಆಸೆ ನನಗೊಬ್ಬನಿಗೇ ಅಲ್ಲ. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು. 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು, ಅದೂ ನಮ್ಮ ಬಿಡದಿಯಲ್ಲೇ ತಯಾರಾಗಿ. ಮುಂದೆ ಐದು ಜನ ಕೂರುವ ಕಾರು, ಹಿಂದೆ ತೆರೆದ ಲೋಡ್ ಜಾಗ. ಟೆಂಟು, ಸೈಕಲ್ಲು, ಕೆಸರು ಮೆತ್ತಿದ ಬೂಟು, ಎಲ್ಲ ಹಿಂದಕ್ಕೆ. ಹೈಲಕ್ಸ್‌ನಲ್ಲಿ 2.8 ಲೀಟರ್ ಡೀಸೆಲ್ ಎಂಜಿನ್ ಇದೆ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತೆ. 700 ಮಿಲಿಮೀಟರ್, ಅಂದರೆ ಎರಡೂಕಾಲು ಅಡಿ ನೀರು ದಾಟಬಲ್ಲದು ಅಂತಾರೆ. ಆದರೆ ಹರಿಯುವ ಹಳ್ಳ ಗಾಡಿಯನ್ನು ಪಕ್ಕದಿಂದ ತಳ್ಳುತ್ತೆ. ಅಲ್ಲಿ ಈ ಲೆಕ್ಕ ನಡೆಯಲ್ಲ.

ಅಮೆರಿಕದವರ ಕಣ್ಣಿಗೆ ಇವೆಲ್ಲ ಚಿಕ್ಕ ಪಿಕಪ್ಪುಗಳು. ನಮ್ಮ ಗಲ್ಲಿಗೆ? ಉದ್ದವೇ 5.3 ಮೀಟರ್. ಶೋರೂಮಿಗೆ ಹೋಗುವ ಮೊದಲು ಟೇಪ್ ಹಿಡಿದು ಪಾರ್ಕಿಂಗ್ ಜಾಗ ಅಳೆಯಿರಿ. ಹಿಂದೆ ಲಾರಿಗಿರುವಂಥ ಲೀಫ್ ಸ್ಪ್ರಿಂಗ್. ಅದನ್ನು ಮಾಡಿರೋದೇ ಭಾರ ಹೊರಲಿಕ್ಕೆ. ಖಾಲಿ ಓಡಿಸಿದರೆ ಪ್ರತಿ ಹಂಪಿಗೂ ಹಿಂಭಾಗ ಕುಪ್ಪಳಿಸುತ್ತೆ. ಮಳೆ ಬಂದರೆ ಹಿಂದಿನ ಸಾಮಾನು ನೆನೆಯುತ್ತೆ, ಮೇಲೊಂದು ಮುಚ್ಚಳ ಬೇಕೇ ಬೇಕು. ಒಣ ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಶೋಕಿ ಮಾಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ. ಆ ಎಳೆದಾಟವೆಲ್ಲ ಗೇರಿನ ಮೇಲೆ ಬೀಳುತ್ತೆ.

ಇದೆಲ್ಲ ದುಡ್ಡಿನ ಮಾತಾಯ್ತು. ಈಗ ಜೀವದ ಮಾತು.

ಅವತ್ತು ತೋಟದಿಂದ ಇಳಿಯುವಾಗ ಗೆಳೆಯರ ಮಗ, ಅವನ ಸ್ನೇಹಿತರು ಗಾಡಿಯ ಹಿಂದೆ ಹತ್ತಿ ನಿಂತರು. ನಾನು ಬೇಡ ಅನ್ನಲಿಲ್ಲ. ನಗುತ್ತಾ ಮೊಬೈಲಿನಲ್ಲಿ ವಿಡಿಯೋ ಬೇರೆ ಮಾಡಿದೆ. ಒಂದು ಗುಂಡಿಗೆ ಚಕ್ರ ಇಳಿಯಿತು. ಹುಡುಗ ಮುಗ್ಗರಿಸಿ ಕಬ್ಬಿಣದ ಅಂಚಿಗೆ ಬಡಿದ. ತುಟಿ ಒಡೆದು ಮೂರು ಹೊಲಿಗೆ. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ? ಪಕ್ಕದಲ್ಲೇ ಕಂದಕ.

'ಗೂಡ್ಸ್ ವಾಹನ ಪಲ್ಟಿ' ಅಂತ ಇದೇ ಸ್ಟುಡಿಯೋದಲ್ಲಿ ಕೂತು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಓದಿ, ಚಾಲಕನನ್ನು ಬೈದು, ಮುಂದಿನ ಸುದ್ದಿಗೆ ಹೋಗಿದ್ದೀನಿ. ಕೂಲಿಗೆ ಹೋಗುವ ಹೆಣ್ಣುಮಕ್ಕಳು ಅಂಥ ಗಾಡಿ ಹತ್ತೋದು ಬಸ್ಸಿಲ್ಲದ್ದಕ್ಕೆ. ನಮ್ಮ ಮಕ್ಕಳು ಹತ್ತಿದ್ದು ರೀಲ್ಸಿಗೆ. ಅವರದು ಅನಿವಾರ್ಯ, ನಮ್ಮದು ಕೊಬ್ಬು. ಹಿಂದೆ ಸೀಟಿಲ್ಲ, ಬೆಲ್ಟಿಲ್ಲ, ಹಿಡಿಯೋಕೆ ಗಟ್ಟಿ ಆಸರೆಯಿಲ್ಲ. ಗಾಡಿಯ ಬೆಲೆ ಎಷ್ಟೇ ಇರಲಿ, ಅದು ಸಾಮಾನಿನ ಜಾಗ.

ಪಿಕಪ್ ತಗೊಳ್ಳಿ, ಬೇಡ ಅನ್ನಲ್ಲ. ಗುಡ್ಡ ಹತ್ತಿ, ಊರು ಸುತ್ತಿ. ತಗೊಳ್ಳೋ ಮೊದಲು ನಿಮ್ಮನ್ನೇ ನೀವು ಒಂದು ಪ್ರಶ್ನೆ ಕೇಳಿಕೊಳ್ಳಿ: ಹಿಂದೆ ಏನು ಹಾಕ್ತೀನಿ? ಹಾಕೋಕೆ ಏನೂ ಇಲ್ಲದಿದ್ದರೆ ಆ ಗಾಡಿ ನಿಮಗೆ ಬೇಡ. ಮಕ್ಕಳು ಅನ್ನೋದು ಉತ್ತರವಾದರೆ, ದಯವಿಟ್ಟು ಬೇಡವೇ ಬೇಡ.

ನಾನಿನ್ನೂ ಬುಕ್ ಮಾಡಿಲ್ಲ. ಆ ವಿಡಿಯೋ ಮಾತ್ರ ಡಿಲೀಟ್ ಮಾಡದೆ ಇಟ್ಟುಕೊಂಡಿದ್ದೀನಿ. ನನಗೇ ತೋರಿಸಿಕೊಳ್ಳೋಕೆ.